ಒಂದೇ ಚುನಾವಣೆ ಕಂಡ ಯಾದಗಿರಿ ಲೋಕಸಭಾ ಕ್ಷೇತ್ರ

ಯಾದಗಿರಿ ಹೆಸರಿನಲ್ಲೇ ಒಂದು ಲೋಕಸಭಾ ಕ್ಷೇತ್ರ ಇತ್ತು. ಇಂದಿನ ಮತದಾರರಿಗೆ ಈ ಮಾತು ಹೇಳಿದರೆ ಬಹಳ ಮಂದಿ ನಂಬುವುದಿಲ್ಲ. 1952ರ ಮೊದಲ ಮಹಾಚುನಾವಣೆಯಲ್ಲಿ ಹೈದರಾಬಾದ್ ರಾಜ್ಯಕ್ಕೆ 25 ಲೋಕಸಭಾ ಸ್ಥಾನಗಳಿದ್ದವು. ಅವುಗಳಲ್ಲಿ ಒಂದು ಯಾದಗಿರಿಯದು. ಗೆದ್ದವರು ಕಾಂಗ್ರೆಸ್ಸಿನ ಕೃಷ್ಣಾಚಾರ್ಯ ಜೋಶಿ. 1957ರ ಎರಡನೇ ಚುನಾವಣೆ ಬರುವಷ್ಟರಲ್ಲಿ ಆ ಕ್ಷೇತ್ರವೇ ಇರಲಿಲ್ಲ. ತೆಗೆಯುವ ಮುನ್ನ ನಮ್ಮನ್ನು ಕೇಳಿದವರೂ ಇಲ್ಲ, ತೆಗೆದ ಮೇಲೆ ಹೇಳಿದವರೂ ಇಲ್ಲ.

ಅದಾಗಿ ಎಪ್ಪತ್ತು ವರ್ಷ ಸಮೀಪಿಸಿತು. ಈ ನಡುವೆ ಯಾದಗಿರಿ ತಾಲ್ಲೂಕು ಕೇಂದ್ರದಿಂದ ಜಿಲ್ಲಾ ಕೇಂದ್ರವಾಯಿತು. ಜಿಲ್ಲಾಧಿಕಾರಿ ಬಂದರು, ಜಿಲ್ಲಾ ಪಂಚಾಯಿತಿ ಬಂತು, ವೈದ್ಯಕೀಯ ಕಾಲೇಜೂ ಬಂತು. ಲೋಕಸಭೆಯಲ್ಲಿ ಮಾತ್ರ ಯಾದಗಿರಿಯ ಹೆಸರಿನ ಸ್ಥಾನ ಮರಳಿ ಬರಲಿಲ್ಲ. ದಿಲ್ಲಿಯ ಲೆಕ್ಕದಲ್ಲಿ ನಾವು ಮುಕ್ಕಾಲು ಪಾಲು ರಾಯಚೂರಿನವರು, ಉಳಿದದ್ದು ಕಲಬುರಗಿಯವರು.

1952ರ ಆ ಚುನಾವಣೆ ಸಣ್ಣ ಸಂಗತಿಯಲ್ಲ. ನಿಜಾಮರ ಆಳ್ವಿಕೆ ಮುಗಿದದ್ದು 1948ರ ಸೆಪ್ಟೆಂಬರ್ 17ಕ್ಕೆ. ಅಲ್ಲಿಂದ ನಾಲ್ಕು ವರ್ಷದೊಳಗೆ ಇಲ್ಲಿಯ ಒಕ್ಕಲಿಗನಿಗೂ, ಅವನ ಹೊಲದಲ್ಲಿ ಕೂಲಿ ಮಾಡುವವಳಿಗೂ, ಊರ ದೇಸಾಯಿಗೂ ಒಂದೊಂದೇ ಮತ ಸಿಕ್ಕಿತು. 21 ವರ್ಷ ತುಂಬಿದ್ದರೆ ಸಾಕು. ಗೌಡರ ವಾಡೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದ ಕಾಲದಲ್ಲಿ ಇದು ಬಂತು. ಆಮೇಲೆ ನಮಗೆ ಸಿಕ್ಕ ಯಾವ ಯೋಜನೆಯೂ ಅದಕ್ಕೆ ಸಮವಲ್ಲ.

ಮತ ಹಾಕುವ ರೀತಿಯೂ ಬೇರೆಯೇ ಇತ್ತು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಗುರುತಿನ ಚಿತ್ರ. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು. ಚೀಟಿಯ ಮೇಲೆ ಏನನ್ನೂ ಒತ್ತಬೇಕಿರಲಿಲ್ಲ, ಬರೆಯಬೇಕಿರಲಿಲ್ಲ. ಪರದೆಯ ಹಿಂದೆ ಹೋಗಿ, ಚಿತ್ರ ನೋಡಿ, ಬೇಕಾದ ಪೆಟ್ಟಿಗೆಯೊಳಗೆ ಚೀಟಿ ಇಳಿಸಿ ಹೊರಬಂದರೆ ಮುಗಿಯಿತು. ಅಕ್ಷರ ಬಾರದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ರೂಪಿಸಿದ್ದರು. ಅಕ್ಷರ ಬಾರದವರಿಗೆ ಮತ ಹಾಕಿಸಲು ಆಗ ಪಟ್ಟ ಶ್ರಮದ ಕಾಲು ಭಾಗವನ್ನು ಅಕ್ಷರ ಕಲಿಸಲು ಆಮೇಲೆ ಪಟ್ಟಿದ್ದರೆ ಈ ಜಿಲ್ಲೆಯ ಕಥೆಯೇ ಬೇರೆಯಾಗುತ್ತಿತ್ತು.

ದೇಶದಲ್ಲಿ ಸುಮಾರು 28 ಲಕ್ಷ ಹೆಣ್ಣುಮಕ್ಕಳ ಹೆಸರು ಆ ಸಲ ಮತದಾರರ ಪಟ್ಟಿಗೆ ಸೇರಲಿಲ್ಲ. ‘ಇಂಥವನ ಹೆಂಡತಿ’, ‘ಇಂಥವನ ಮಗಳು’ ಎಂದಷ್ಟೇ ಬರೆಸಿ, ಸ್ವಂತ ಹೆಸರು ಹೇಳಲು ಒಪ್ಪದವರು ಅವರು. ಅಂಥ ನಮೂದುಗಳನ್ನು ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ. ನಿಮ್ಮ ಹೆಸರು ಹೇಳಿದರೆ ಮಾತ್ರ ನಿಮ್ಮ ಮತ ಎಂದರು. ಹೆಣ್ಣುಮಗಳಿಗೆ ತನ್ನದೇ ಹೆಸರು ಇರಬೇಕೆಂದು ಹಟ ಹಿಡಿದ ಅದೇ ವ್ಯವಸ್ಥೆ ನಾಲ್ಕೈದು ವರ್ಷದಲ್ಲಿ ಒಂದು ಇಡೀ ಸೀಮೆಯ ಹೆಸರನ್ನು ಅಳಿಸಿತು.

ಆ ಚುನಾವಣೆಯಲ್ಲಿ ನಮ್ಮ ಅಕ್ಕಪಕ್ಕದವರು ಯಾರನ್ನು ಆರಿಸಿದ್ದರು ನೋಡಿ. ಗುಲಬರ್ಗಾದಿಂದ, ಅಂದರೆ ಇಂದಿನ ಕಲಬುರಗಿಯಿಂದ, ಸ್ವಾಮಿ ರಮಾನಂದ ತೀರ್ಥರು. ಸಿಂದಗಿಯಲ್ಲಿ ಹುಟ್ಟಿ, ನಿಜಾಮರ ವಿರುದ್ಧದ ಹೋರಾಟದ ಮುಂಚೂಣಿಯಲ್ಲಿದ್ದವರು. ಕುಷ್ಟಗಿಯಿಂದ ಪಕ್ಷೇತರರಾಗಿ ನಿಂತ ಶಿವಮೂರ್ತಿ ಸ್ವಾಮಿಯವರು. ಅತ್ತ ತೆಲಂಗಾಣದ ನಲ್ಗೊಂಡದಲ್ಲಿ ಎಡಪಂಥೀಯರ ರಾವಿ ನಾರಾಯಣ ರೆಡ್ಡಿ, ನೆಹರೂ ಅವರಿಗಿಂತ ಹೆಚ್ಚು ಮತ ಪಡೆದು ದೇಶಕ್ಕೇ ಮೊದಲಿಗರಾದರು. ಹೈದರಾಬಾದ್ ವಿಧಾನಸಭೆಯ 175 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಬಂದದ್ದು 93. ಮೊದಲ ಸಲ ಮತ ಹಾಕಿದ ಜನ ಕಣ್ಣು ಮುಚ್ಚಿ ಹಾಕಲಿಲ್ಲ. ಅವರ ವಿವೇಕದ ಮೇಲೆ ಆಮೇಲೆ ನಂಬಿಕೆ ಇಡದವರು ನಕ್ಷೆ ಬರೆಯುವ ಜಾಗದಲ್ಲಿದ್ದವರೇ.

1956ರ ನವೆಂಬರ್ 1. ಭಾಷಾವಾರು ರಾಜ್ಯಗಳು ಬಂದವು. ಗುಲಬರ್ಗಾ, ರಾಯಚೂರು, ಬೀದರಿನ ಕನ್ನಡ ಭಾಗಗಳು ಮೈಸೂರು ರಾಜ್ಯ ಸೇರಿದವು. ಕನ್ನಡಿಗರು ಒಂದಾಗಬೇಕೆಂಬ ದೊಡ್ಡ ಆಸೆ ಈಡೇರಿದ ದಿನ ಅದು; ಅದರ ಬಗ್ಗೆ ತಕರಾರಿಲ್ಲ. ಆದರೆ ಅದೇ ಹೊತ್ತಿನಲ್ಲಿ ಗುಲಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ನಮ್ಮ ಗುರುಮಠಕಲ್ಲಿನ ಮಗ್ಗುಲಲ್ಲೇ ಇರುವ ಆ ಕೊಡಂಗಲ್‌ನ ಶಾಸಕ ರೇವಂತ ರೆಡ್ಡಿ 2023ರಲ್ಲಿ ತೆಲಂಗಾಣದ ಮುಖ್ಯಮಂತ್ರಿಯಾದರು. ಗಡಿಯ ಆಚೆ ಹೋದವರಿಗೆ ಮುಖ್ಯಮಂತ್ರಿ ಸಿಕ್ಕರು. ಈಚೆ ಉಳಿದ ನಮಗೆ ಸ್ವಂತ ಸಂಸದನೂ ಉಳಿಯಲಿಲ್ಲ.

ಹೊಸ ರಾಜ್ಯಕ್ಕೆ ಹೊಸ ಕ್ಷೇತ್ರಗಳು ಬಂದವು. ಯಾದಗಿರಿ ಹೋಯಿತು, ಕುಷ್ಟಗಿಯೂ ಹೋಯಿತು. ಗುಲಬರ್ಗಾ 1957ರಲ್ಲಿ ಇಬ್ಬರು ಸದಸ್ಯರ ಕ್ಷೇತ್ರವಾಯಿತು: ಮಹಾದೇವಪ್ಪ ರಾಂಪುರೆ ಮತ್ತು ಶಂಕರದೇವ್ ಇಬ್ಬರೂ ಅಲ್ಲಿಂದಲೇ ಗೆದ್ದರು. ಇಬ್ಬರು ಸದಸ್ಯರ ಪದ್ಧತಿಯನ್ನು 1961ರಲ್ಲಿ ಕೈಬಿಟ್ಟಾಗ ಒಂದು ಸ್ಥಾನ ಉಳಿಯಿತು. ಹೀಗೆ ಕಳೆಯುವ ಲೆಕ್ಕ ನಡೆಯುವಾಗಲೆಲ್ಲ ಈ ಸೀಮೆಯವರು ಕಳೆದುಕೊಳ್ಳುವ ಕಡೆಯೇ ಇದ್ದರು.

ನಾಯಕರಿಗೆ ಈ ಕಷ್ಟ ಇರಲಿಲ್ಲ. ಸ್ವಾಮಿ ರಮಾನಂದ ತೀರ್ಥರು 1957ರಲ್ಲಿ ಔರಂಗಾಬಾದಿನಿಂದ ಗೆದ್ದರು. ಹೈದರಾಬಾದಿನ ವೈದ್ಯ, ಅಲ್ಲಿ ಹಣಕಾಸು ಸಚಿವರಾಗಿದ್ದ ಜಿ.ಎಸ್. ಮೇಲ್ಕೋಟೆ ಅದೇ ವರ್ಷ ರಾಯಚೂರಿನಿಂದ ಗೆದ್ದು, ಮುಂದಿನ ಚುನಾವಣೆಗೆ ಹೈದರಾಬಾದಿಗೆ ಮರಳಿದರು. ಇಬ್ಬರೂ ದೊಡ್ಡವರು, ಯೋಗ್ಯರು. ಆದರೂ ಒಂದು ಮಾತು ಹೇಳಲೇಬೇಕು. ಕ್ಷೇತ್ರ ಹೋದರೆ ನಾಯಕ ಇನ್ನೊಂದು ಕ್ಷೇತ್ರ ಹುಡುಕಿಕೊಳ್ಳುತ್ತಾನೆ. ಮತದಾರ ಇನ್ನೊಂದು ಊರು ಹುಡುಕಿಕೊಳ್ಳಲಾಗದು.

1980ರ ಪ್ರಸಂಗ ಇನ್ನೂ ಸ್ಪಷ್ಟ. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಗುಲಬರ್ಗಾದ ಜನ ಧರ್ಮಸಿಂಗ್ ಅವರನ್ನು ಗೆಲ್ಲಿಸಿದರು. ಅತ್ತ ನವದೆಹಲಿಯಲ್ಲಿ ಕಾಂಗ್ರೆಸ್ಸಿನ ಸಿ.ಎಂ. ಸ್ಟೀಫನ್ ಅವರು ವಾಜಪೇಯಿ ಎದುರು ಸೋತಿದ್ದರು. ಅವರಿಗೆ ಒಂದು ಸ್ಥಾನ ಬೇಕಿತ್ತು. ಧರ್ಮಸಿಂಗ್ ರಾಜೀನಾಮೆ ಕೊಟ್ಟರು, ಉಪಚುನಾವಣೆ ನಡೆಯಿತು, ಕೇರಳದ ಸ್ಟೀಫನ್ ಗುಲಬರ್ಗಾದ ಸಂಸದರಾಗಿ ಕೇಂದ್ರದಲ್ಲಿ ಸಂಪರ್ಕ ಸಚಿವರಾದರು. ಫೋನು ಐಷಾರಾಮಿ ವಸ್ತು, ಸರಿಯಿಲ್ಲ ಎನ್ನುವವರು ಹಿಂದಿರುಗಿಸಬಹುದು ಎಂದು ಅವರು ಸಂಸತ್ತಿನಲ್ಲಿ ಹೇಳಿದ್ದು ಇಂದಿಗೂ ಉಲ್ಲೇಖವಾಗುತ್ತದೆ. ಹಳ್ಳಿಗೆ ಒಂದು ಫೋನೂ ಇಲ್ಲದ ಸೀಮೆ ಅವರಿಗೆ ಸ್ಥಾನ ಕೊಟ್ಟಿತ್ತು.

ಇನ್ನು ವಿಧಾನಸಭೆಯ ಕಡೆ ಬನ್ನಿ. ಗುರುಮಠಕಲ್ 1972ರಿಂದ 2004ರವರೆಗೆ ಎಂಟು ಚುನಾವಣೆಗಳಲ್ಲಿ ಮಲ್ಲಿಕಾರ್ಜುನ ಖರ್ಗೆ ಅವರನ್ನೇ ಆರಿಸಿತು. ಇಂಥ ನಿಷ್ಠೆ ಕರ್ನಾಟಕದಲ್ಲಿ ಬೇರೆಲ್ಲೂ ಸುಲಭವಾಗಿ ಸಿಗದು. 2008ರ ಮರುವಿಂಗಡಣೆಯಲ್ಲಿ ಗುರುಮಠಕಲ್ ಮೀಸಲು ಪಟ್ಟಿಯಿಂದ ಹೊರಬಂತು, ಅವರು ಚಿತ್ತಾಪುರಕ್ಕೆ ಹೋದರು, ಮರುವರ್ಷ ಲೋಕಸಭೆಗೆ ಹೋದರು, ರೈಲ್ವೆ ಸಚಿವರಾದರು, ಈಗ ಪಕ್ಷದ ರಾಷ್ಟ್ರೀಯ ಅಧ್ಯಕ್ಷರು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ತರುವುದರಲ್ಲಿ ಅವರ ಪಾತ್ರ ದೊಡ್ಡದು, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಎಂಟು ಸಲ ಗೆಲ್ಲಿಸಿದ ಊರಿಗೂ ತಾಲ್ಲೂಕು ಪಟ್ಟ ಸಿಗಲು 2018ರ ಸುಮಾರಿನವರೆಗೆ ಕಾಯಬೇಕಾಯಿತು.

ಯಾದಗಿರಿ ವಿಧಾನಸಭಾ ಕ್ಷೇತ್ರದಲ್ಲಿ ಮುದ್ನಾಳ ಮನೆತನ ಒಂದು ಕಡೆ, ಐದು ಸಲ ಗೆದ್ದ ಡಾ. ಎ.ಬಿ. ಮಾಲಕರೆಡ್ಡಿ ಒಂದು ಕಡೆ. 1980ರ ದಶಕದಿಂದ 2018ರ ಚುನಾವಣೆಯವರೆಗೆ ಈ ಎರಡು ಹೆಸರುಗಳ ನಡುವೆಯೇ ಅಧಿಕಾರ ಓಡಾಡಿತು. 2023ರಲ್ಲಿ ಚನ್ನಾರೆಡ್ಡಿ ಪಾಟೀಲ ತುನ್ನೂರು ಗೆದ್ದರು. ಶಹಾಪುರದಲ್ಲಿ ದರ್ಶನಾಪುರ ಮತ್ತು ಶಿರವಾಳ ಮನೆತನಗಳು. ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕ ಮತ್ತು ರಾಜೂಗೌಡ. ಅಭ್ಯರ್ಥಿಗಳು ಯಾರೆಂದು ಇಲ್ಲಿಯ ಮತದಾರರಿಗೆ ಚುನಾವಣೆ ಘೋಷಣೆಗೂ ಮುಂಚೆಯೇ ಗೊತ್ತಿರುತ್ತದೆ. ಹೊಸಬರಿಗೆ ಬಾಗಿಲು ತೆರೆಯುವುದು ಅಪರೂಪ.

ಸುರಪುರವಂತೂ ಪಕ್ಷಗಳ ಲೆಕ್ಕವನ್ನೇ ತಲೆಕೆಳಗು ಮಾಡಿದ ಊರು. 2004ರಲ್ಲಿ ವಿಜಯ ಸಂಕೇಶ್ವರ ಅವರ ಕನ್ನಡನಾಡು ಪಕ್ಷ ರಾಜ್ಯದಲ್ಲಿ ಗೆದ್ದ ಒಂದೇ ಒಂದು ಸ್ಥಾನ ಇಲ್ಲಿಯದು, ರಾಜೂಗೌಡರದು. 2008ರಿಂದ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. 2024ರ ಫೆಬ್ರವರಿಯಲ್ಲಿ ಶಾಸಕ ರಾಜಾ ವೆಂಕಟಪ್ಪ ನಾಯಕ ತೀರಿಕೊಂಡರು. ಮೇ 7ರಂದು ಲೋಕಸಭೆಯ ಮತದಾನದ ಜೊತೆಗೇ ಉಪಚುನಾವಣೆ ನಡೆದು ಮಗ ರಾಜಾ ವೇಣುಗೋಪಾಲ ನಾಯಕ ಗೆದ್ದರು. ಅಂದು ಸುರಪುರದವರು ಎರಡು ಮತ ಹಾಕಿದರು. ಶಾಸಕ ಯಾರೆಂಬ ಚರ್ಚೆ ಊರ ತುಂಬ ಇತ್ತು. ಸಂಸದ ಯಾರಾಗಬೇಕೆಂಬ ಚರ್ಚೆ ಅದರ ನೆರಳಿನಲ್ಲಿ ಉಳಿಯಿತು.

ಲೋಕಸಭೆ ನಮಗೆ ಇಷ್ಟು ದೂರವಾಗಲು ಕಾರಣ ಜನರ ಅಸಡ್ಡೆಯಲ್ಲ, 2008ರ ನಕ್ಷೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ವೇದಿಕೆಯ ಮೇಲೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಕರ್ನಾಟಕಕ್ಕೆ 28 ಲೋಕಸಭಾ ಸ್ಥಾನ, 224 ವಿಧಾನಸಭಾ ಸ್ಥಾನ. ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಕ್ಷೇತ್ರ ಮರುವಿಂಗಡಣಾ ಆಯೋಗ 2001ರ ಜನಗಣತಿ ಹಿಡಿದು ಗೆರೆ ಎಳೆದಾಗ ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಅವಿಭಜಿತ ಗುಲಬರ್ಗಾ ಜಿಲ್ಲೆಯ ಪಾಲು 13 ವಿಧಾನಸಭಾ ಕ್ಷೇತ್ರ, ಬೀದರಿನದು ಆರು. ಒಟ್ಟು 19. ಎರಡು ಲೋಕಸಭಾ ಕ್ಷೇತ್ರಕ್ಕೆ 16 ಸಾಕು. ಮಿಕ್ಕ ಮೂರನ್ನು ರಾಯಚೂರಿಗೆ ಸೇರಿಸಿದರು. ಆ ಮೂರೇ ಸುರಪುರ, ಶಹಾಪುರ, ಯಾದಗಿರಿ. ಗುರುಮಠಕಲ್ ಗುಲಬರ್ಗಾದಲ್ಲಿ ಉಳಿಯಿತು. ನಾವು ಯಾರಿಗೂ ಬೇಕಾಗಿ ಅಲ್ಲಿಗೆ ಸೇರಿದವರಲ್ಲ, ಲೆಕ್ಕದಲ್ಲಿ ಹೆಚ್ಚಾಗಿ ಉಳಿದವರು.

2010ರಲ್ಲಿ ಯಾದಗಿರಿ ರಾಜ್ಯದ 30ನೇ ಜಿಲ್ಲೆಯಾಗಿ ಕೆಲಸ ಆರಂಭಿಸಿತು. ನಕ್ಷೆ ಗೆಜೆಟ್ ಸೇರಿ ಎರಡು ವರ್ಷವಾಗಿತ್ತು. ಮರುವಿಂಗಡಣೆಯ ಆದೇಶಕ್ಕೆ ಕಾನೂನಿನ ಬಲ ಇರುವುದರಿಂದ ಹೊಸ ಜಿಲ್ಲೆಯನ್ನು ನೋಡಿ ಗೆರೆ ತಿದ್ದುವ ದಾರಿಯೂ ಇರಲಿಲ್ಲ. ಜಿಲ್ಲೆಯಾಗುವ ಸುದ್ದಿ ಮೊದಲಿನಿಂದಲೂ ಇತ್ತು. ಆಯೋಗದ ಮುಂದೆ ಹೋಗಿ, ‘ಜಿಲ್ಲೆ ಬರುತ್ತಿದೆ, ಈ ನಾಲ್ಕನ್ನು ಒಡೆಯಬೇಡಿ’ ಎಂದು ಪಟ್ಟು ಹಿಡಿದು ಕೂರಬೇಕಾಗಿದ್ದವರು ಕೂರಲಿಲ್ಲ.

ಇದರಿಂದ ಏನಾಯಿತು? ಹಳೆಯ ಯಾದಗಿರಿ ತಾಲ್ಲೂಕು ಒಂದರೊಳಗೇ ಎರಡು ಲೋಕಸಭಾ ಕ್ಷೇತ್ರಗಳ ಹಳ್ಳಿಗಳು ಬಂದವು. ಅಬ್ಬೆತುಮಕೂರಿನ ವಿಶ್ವಾರಾಧ್ಯರ ಜಾತ್ರೆಗೆ ಸುತ್ತಲ ಊರುಗಳಿಂದ ಜನ ಬರುತ್ತಾರೆ. ಒಂದೇ ಪಂಕ್ತಿಯಲ್ಲಿ ದಾಸೋಹಕ್ಕೆ ಕೂತ ಇಬ್ಬರಿಗೆ ತಹಶೀಲ್ದಾರರು ಒಬ್ಬರೇ ಆಗಿದ್ದರು, ಜಿಲ್ಲಾಧಿಕಾರಿ ಒಬ್ಬರೇ, ಎಸ್ಪಿ ಒಬ್ಬರೇ. ಸಂಸದರು ಮಾತ್ರ ಬೇರೆ ಬೇರೆ. ‘ನಮ್ ಎಂಪಿ ಯಾರ್ರೀ?’ ಎಂದು ಕೇಳುವವನನ್ನು ತಿಳಿಗೇಡಿ ಎನ್ನಲು ನನಗೆ ಮನಸ್ಸು ಬಾರದು. ಅವನಿಗೆ ಗೊತ್ತಾಗದಂತೆ ಗೆರೆ ಎಳೆದವರು ಬೇರೆ ಇದ್ದಾರೆ.

ಮಠದ ಜಾತ್ರೆಗೆ, ಉರುಸಿಗೆ, ಸಾಮೂಹಿಕ ಮದುವೆಗೆ ಜನಪ್ರತಿನಿಧಿಗಳು ಬರುತ್ತಾರೆ. ವೇದಿಕೆ ಇಳಿಯುವಾಗ ಜನ ಮನವಿ ಪತ್ರ ಕೊಡುತ್ತಾರೆ. ಆಪ್ತ ಸಹಾಯಕ ಅದನ್ನು ಮಡಚಿ ಕಂಕುಳಲ್ಲಿರುವ ಕಡತಕ್ಕೆ ಸೇರಿಸುತ್ತಾನೆ. ಫೋಟೊ ಆಗುತ್ತದೆ. ಯಾದಗಿರಿ ನಿಲ್ದಾಣದಲ್ಲಿ ಒಂದು ರೈಲು ನಿಲ್ಲಿಸಿ ಎಂಬ ಬೇಡಿಕೆ ಅದರಲ್ಲಿದ್ದರೆ ಮೇಲ್ಗಡೆ ‘ಪರಿಶೀಲಿಸಿ’ ಎಂಬ ಷರಾ ಬೀಳುತ್ತದೆ. ಇದೇ ಬೇಡಿಕೆಗೆ ಎರಡು ಕ್ಷೇತ್ರಗಳ ಜನ ಇಬ್ಬರ ಹತ್ತಿರ ಹೋಗಬೇಕು. ಇಬ್ಬರಿಗೂ ಹೇಳಿದ ಕೆಲಸವನ್ನು ಇಬ್ಬರೂ ಇನ್ನೊಬ್ಬರ ಕೆಲಸ ಎಂದುಕೊಳ್ಳಲು ಎಲ್ಲ ಅವಕಾಶವೂ ಇದೆ.

ಕೇಂದ್ರದ ಯೋಜನೆಗಳು ಜಿಲ್ಲೆಯಲ್ಲಿ ಹೇಗೆ ನಡೆಯುತ್ತಿವೆ ಎಂದು ನೋಡಲು ‘ದಿಶಾ’ ಸಮಿತಿ ಇದೆ. ಹಿರಿಯ ಸಂಸದರು ಅಧ್ಯಕ್ಷರು, ಇನ್ನೊಬ್ಬರು ಸಹ ಅಧ್ಯಕ್ಷರು. ಇಬ್ಬರ ಮನೆ, ಕಚೇರಿ, ಹೆಚ್ಚಿನ ಮತ ಎಲ್ಲವೂ ಪಕ್ಕದ ಜಿಲ್ಲೆಗಳಲ್ಲಿ. ಗುಲಬರ್ಗಾದ ಸಂಸದರಿಗೆ ಎಂಟರಲ್ಲಿ ಒಂದು ವಿಧಾನಸಭಾ ಕ್ಷೇತ್ರ ಮಾತ್ರ ನಮ್ಮದು. ರಾಯಚೂರಿನವರಿಗೆ ಎಂಟರಲ್ಲಿ ಮೂರು. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಎಂಟು ಪಾಲು ಮಾಡಿದರೆ ಒಂದು ವಿಧಾನಸಭಾ ಕ್ಷೇತ್ರಕ್ಕೆ ಬರುವುದು ಸುಮಾರು 62 ಲಕ್ಷ. ಪಾಲು ಸಮವಾಗಿ ಆಗಲೇಬೇಕೆಂಬ ನಿಯಮವೂ ಇಲ್ಲ. ಗದ್ದುಗೆ ಇರುವ ಊರಿಗೆ ಮೊದಲ ಪಾಲು, ಕೊನೆಯ ಹಳ್ಳಿಗೆ ಹೈಮಾಸ್ಟ್ ದೀಪ.

ಪಕ್ಷ ಬದಲಾದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. 2014ರಲ್ಲಿ ಎರಡೂ ಕ್ಷೇತ್ರ ಕಾಂಗ್ರೆಸ್ಸಿಗೆ. 2019ರಲ್ಲಿ ಎರಡೂ ಬಿಜೆಪಿಗೆ: ಗುಲಬರ್ಗಾದಲ್ಲಿ ಉಮೇಶ ಜಾಧವ, ರಾಯಚೂರಿನಲ್ಲಿ ರಾಜಾ ಅಮರೇಶ್ವರ ನಾಯಕ. 2024ರಲ್ಲಿ ಎರಡೂ ಮತ್ತೆ ಕಾಂಗ್ರೆಸ್ಸಿಗೆ: ರಾಧಾಕೃಷ್ಣ ದೊಡ್ಡಮನಿ, ಜಿ. ಕುಮಾರ ನಾಯಕ. ಜನ ಎಲ್ಲ ಪಕ್ಷಗಳಿಗೂ ಅವಕಾಶ ಕೊಟ್ಟು ನೋಡಿದ್ದಾರೆ. ಯಾದಗಿರಿಯನ್ನು ಒಂದುಗೂಡಿಸುವ ಮಾತು ಯಾವ ಪಕ್ಷಕ್ಕೂ ಚುನಾವಣೆಯ ವಿಷಯವಾಗಲಿಲ್ಲ.

ನಮ್ಮ ಮತಕ್ಕೆ ಬೆಲೆಯಿಲ್ಲವೆಂದು ಯಾರೂ ಹೇಳಲಾಗದು. 2014ರಲ್ಲಿ ರಾಯಚೂರಿನಲ್ಲಿ ಬಿ.ವಿ. ನಾಯಕ ಗೆದ್ದ ಅಂತರ ಬರೀ 1,499 ಮತ. ಸುರಪುರದ ಎರಡು ಮೂರು ಮತಗಟ್ಟೆಗಳು ಆಚೀಚೆ ಆಗಿದ್ದರೆ ಸಂಸದರೇ ಬದಲಾಗುತ್ತಿದ್ದರು. ಅದಕ್ಕೇ ಮತದಾನದ ಹೊತ್ತಿಗೆ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋದವರ ನೆನಪು ಎಲ್ಲರಿಗೂ ಬರುತ್ತದೆ. ಕರೆತರಲು ಗಾಡಿ, ದಾರಿಯಲ್ಲಿ ಊಟ. ಬೆರಳಿಗೆ ಶಾಯಿ ಬಿದ್ದ ಮೇಲೆ ಹಿಂದಿರುಗುವ ಟಿಕೆಟ್ಟು ಅವರದೇ.

ಗುಳೆ ಯಾಕೆ ಹೋಗುತ್ತಾರೆ ಎಂಬುದೂ ಇದೇ ಕಥೆಯ ಭಾಗ. ಕೃಷ್ಣೆ, ಭೀಮೆ ಎರಡೂ ಈ ಜಿಲ್ಲೆಯಲ್ಲಿ ಹರಿಯುತ್ತವೆ. ನಾರಾಯಣಪುರದ ಬಸವಸಾಗರ ಅಣೆಕಟ್ಟು ಇಲ್ಲಿದೆ. 2023ರ ಜನವರಿ 19ರಂದು ಪ್ರಧಾನಿ ಕೊಡೇಕಲ್‌ಗೆ ಬಂದು ಎಡದಂಡೆ ಕಾಲುವೆಯ ಆಧುನೀಕರಣ ಕಾಮಗಾರಿಯನ್ನು ಉದ್ಘಾಟಿಸಿದರು. ಕಾಲುವೆಯ ಕೊನೆಯ ಭಾಗದ ರೈತ ಆಮೇಲೂ ನೀರಿಗಾಗಿ ರಸ್ತೆಗಿಳಿದಿದ್ದಾನೆ. ಅಣೆಕಟ್ಟು ಇರುವ ಜಿಲ್ಲೆಯವರು ನಗರಗಳಲ್ಲಿ ಕಟ್ಟಡಕ್ಕೆ ಮಣ್ಣು ಹೊರಲು ಹೋಗುವುದು ಯಾವ ಸರ್ಕಾರಕ್ಕೂ ನಾಚಿಕೆ ತರಬೇಕಾದ ವಿಷಯ.

2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 11.7 ಲಕ್ಷ. ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕೊನೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಶೇ 50.59ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು; ಮೊದಲಿದ್ದ ಉಡುಪಿ ಶೇ 94. 2002ರ ನಂಜುಂಡಪ್ಪ ವರದಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವು. 2018ರಲ್ಲಿ ಕೇಂದ್ರ ಸರ್ಕಾರ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಇದ್ದದ್ದು ಎರಡೇ: ಯಾದಗಿರಿ, ರಾಯಚೂರು. ನಮ್ಮನ್ನು ಅಳೆಯಲು ಬಂದವರು ಬಹಳ, ಅಳತೆ ತೆಗೆದುಕೊಂಡ ಮೇಲೆ ಅಂಗಿ ಹೊಲಿದುಕೊಟ್ಟವರು ಕಡಿಮೆ.

ಕ್ಷೇತ್ರವೊಂದಿದ್ದರೆ ಇದೆಲ್ಲ ಸರಿಯಾಗುತ್ತಿತ್ತೇ? ಹಾಗೆ ಹೇಳುವುದು ಸುಳ್ಳಾಗುತ್ತದೆ. ಸ್ವಂತ ಹೆಸರಿನ ಲೋಕಸಭಾ ಕ್ಷೇತ್ರ ಇದ್ದೂ ಹಿಂದುಳಿದ ಜಿಲ್ಲೆಗಳು ದೇಶದಲ್ಲಿ ಎಷ್ಟೋ ಇವೆ, ರಾಯಚೂರೇ ಕಣ್ಣೆದುರಿಗಿದೆ. ಆದರೆ ಒಂದು ವ್ಯತ್ಯಾಸವಂತೂ ಇರುತ್ತಿತ್ತು. ಕೊನೆಯ ಸ್ಥಾನ ಬಂದಾಗ ಯಾರನ್ನು ಕೇಳಬೇಕೆಂಬುದು ಗೊತ್ತಿರುತ್ತಿತ್ತು. ಈಗ ಬೊಟ್ಟು ಮಾಡಲು ಇಬ್ಬರಿದ್ದಾರೆ, ಉತ್ತರ ಕೊಡಲು ಒಬ್ಬರೂ ಇಲ್ಲ.

ಇದನ್ನು ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನಾಂಕ. 1976ರ ತಿದ್ದುಪಡಿಯಿಂದ ಶುರುವಾಗಿ 2001ರಲ್ಲಿ ಮುಂದುವರಿದ ಸ್ಥಾನಗಳ ತಡೆ ಇರುವುದು 2026ರ ನಂತರದ ಮೊದಲ ಜನಗಣತಿಯವರೆಗೆ. ಮಹಿಳಾ ಮೀಸಲಾತಿಯ 2023ರ ತಿದ್ದುಪಡಿಯೂ ಕ್ಷೇತ್ರ ಮರುವಿಂಗಡಣೆಗೇ ಗಂಟು ಹಾಕಿಕೊಂಡಿದೆ. ಹಾಗಾಗಿ ಗೆರೆಗಳು ಮತ್ತೆ ಬದಲಾಗುವ ಕಾಲ ದೂರವಿಲ್ಲ. ಬೆಂಗಳೂರಿನಲ್ಲಿ ಚರ್ಚೆ ನಡೆದಿರುವುದು ದಕ್ಷಿಣದ ರಾಜ್ಯಗಳಿಗೆ ಎಷ್ಟು ಸ್ಥಾನ ಕಡಿಮೆಯಾಗಬಹುದು ಎಂಬುದರ ಸುತ್ತ. ಆ ಆತಂಕ ನ್ಯಾಯವಾದದ್ದೇ. ದಿಲ್ಲಿ ನಮ್ಮ ರಾಜ್ಯಕ್ಕೆ ಅನ್ಯಾಯ ಮಾಡಬಾರದೆನ್ನುವವರು ರಾಜ್ಯದೊಳಗಿನ ಒಂದು ಜಿಲ್ಲೆ ಹೋಳಾಗಿರುವುದನ್ನೂ ನೋಡಬೇಕು.

ನಮ್ಮ ಬೇಡಿಕೆಯೂ ಲೆಕ್ಕಕ್ಕೆ ನಿಲ್ಲುವಂತಿರಬೇಕು. ಈಗಿನ ಪ್ರಮಾಣದಲ್ಲಿ ಎಂಟು ವಿಧಾನಸಭಾ ಕ್ಷೇತ್ರ ಬೇಕು, ನಮ್ಮಲ್ಲಿರುವುದು ನಾಲ್ಕು. ಬರೀ ಯಾದಗಿರಿಗೆ ಒಂದು ಲೋಕಸಭಾ ಸ್ಥಾನ ಕೇಳಿದರೆ ಆಯೋಗ ಎರಡು ನಿಮಿಷದಲ್ಲಿ ಕಡತ ಮುಚ್ಚುತ್ತದೆ. ನಾಲ್ಕೂ ಒಂದೇ ಕಡೆ ಇರಲಿ ಎಂಬುದು ಬೇರೆ ಮಾತು. ಅದಕ್ಕೂ ತೊಡಕಿದೆ. ಇಂದಿನ ಕಲಬುರಗಿ ಜಿಲ್ಲೆಯ ಒಂಬತ್ತು, ಬೀದರಿನ ಆರು ಸೇರಿದರೆ 15. ಎರಡು ಲೋಕಸಭೆಗೆ ಒಂದು ಸಾಲದು. ಆ ಒಂದನ್ನು ತುಂಬಲು ಗುರುಮಠಕಲ್ ಅಲ್ಲಿದೆ. ಅದನ್ನು ಬಿಡಿಸಿ ತಂದರೆ ಅತ್ತ ಕೊರತೆ, ಇತ್ತ ರಾಯಚೂರಿನಲ್ಲಿ ಒಂಬತ್ತಾಗಿ ಹೆಚ್ಚಳ. ಎರಡು ಕಡೆಯ ನಾಯಕರೂ ಈ ಲೆಕ್ಕವನ್ನೇ ಮುಂದೆ ಮಾಡಿ ಸುಮ್ಮನಿರುತ್ತಾರೆ.

ಆದರೆ ಮುಂದಿನ ಸಲ ವಿಧಾನಸಭಾ ಕ್ಷೇತ್ರಗಳ ಗಡಿಗಳೇ ಹೊಸದಾಗುತ್ತವೆ. ಸಂಖ್ಯೆಗಳೂ ಬದಲಾಗಬಹುದು. ಆಗ ಈ 15ರ ತೊಡಕು ಹೀಗೇ ಇರಬೇಕೆಂದಿಲ್ಲ. ಕಳೆದ ಸಲದ ಕಾಯ್ದೆಯಲ್ಲೇ ಇದ್ದ ಮಾತು ನಮ್ಮ ಪರವಾಗಿದೆ: ಕ್ಷೇತ್ರ ಭೌಗೋಳಿಕವಾಗಿ ಒಟ್ಟಾಗಿರಬೇಕು, ಆಡಳಿತ ಘಟಕಗಳ ಗಡಿ, ಸಂಚಾರ ಸೌಲಭ್ಯ, ಜನರ ಅನುಕೂಲ ನೋಡಬೇಕು. 2008ರಲ್ಲಿ ಯಾದಗಿರಿ ಆಡಳಿತ ಘಟಕವಾಗಿರಲಿಲ್ಲ, ಈಗ ಆರು ತಾಲ್ಲೂಕುಗಳ ಜಿಲ್ಲೆ. ಹಿಂದೆ ಇಲ್ಲದ ಈ ಆಧಾರವನ್ನು ಈ ಸಲವೂ ಬಳಸದಿದ್ದರೆ ಅದು ನಕ್ಷೆ ಬರೆದವರ ತಪ್ಪಾಗುವುದಿಲ್ಲ.

ಆಯೋಗದ ಜೊತೆ ಪ್ರತಿ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿ ಕೂರುವುದು ಕಳೆದ ಸಲದ ಪದ್ಧತಿ. ಅವರಿಗೆ ಮತದ ಹಕ್ಕಿಲ್ಲ, ಮಾತಿನ ಹಕ್ಕಿದೆ. ಒಪ್ಪದಿದ್ದರೆ ಭಿನ್ನಾಭಿಪ್ರಾಯವನ್ನು ಪ್ರಸ್ತಾವದ ಜೊತೆಗೇ ಪ್ರಕಟಿಸುತ್ತಾರೆ. ಆ ಹತ್ತು ಮಂದಿಯಲ್ಲಿ ಯಾದಗಿರಿ, ಶಹಾಪುರ, ಸುರಪುರ, ಗುರುಮಠಕಲ್‌ಗಳ ಶಾಸಕರಲ್ಲಿ ಒಬ್ಬರಾದರೂ ಇರಬೇಕೆಂದು ಸ್ಪೀಕರಿಗೆ ಮೊದಲೇ ಬರೆಯಬೇಕು. ನಾಲ್ವರೂ ಒಂದೇ ಪಕ್ಷದವರಲ್ಲ. ಗುರುಮಠಕಲ್‌ನ ಶರಣಗೌಡ ಕಂದಕೂರ ಜೆಡಿಎಸ್, ಉಳಿದ ಮೂವರು ಕಾಂಗ್ರೆಸ್. ಈ ಒಂದು ವಿಷಯಕ್ಕೆ ನಾಲ್ವರು ಒಂದೇ ಕಾಗದಕ್ಕೆ ಸಹಿ ಹಾಕಲಾಗದಿದ್ದರೆ, ಮುಂದಿನ ಸಲ ಮತ ಕೇಳಲು ಬಂದಾಗ ಆ ಕಾಗದ ಎಲ್ಲಿ ಎಂದು ಕೇಳೋಣ.

ಕರಡು ಪ್ರಕಟವಾದ ಮೇಲೆ ಆಯೋಗ ಸಾರ್ವಜನಿಕ ಅಹವಾಲು ಸಭೆ ಕರೆಯುತ್ತದೆ. ಅಲ್ಲಿ ಹಾರ ತುರಾಯಿ ಬೇಡ, ಘೋಷಣೆ ಬೇಡ. 1952ರ ಯಾದಗಿರಿ ಕ್ಷೇತ್ರದ ಫಲಿತಾಂಶದ ದಾಖಲೆ, 2008ರ ಆದೇಶದ ಪ್ರತಿ, ಆರು ತಾಲ್ಲೂಕುಗಳ ನಕ್ಷೆ, ಗ್ರಾಮ ಪಂಚಾಯಿತಿಗಳ ನಿರ್ಣಯಗಳು ಇಷ್ಟಿದ್ದರೆ ಸಾಕು. ಅಬ್ಬೆತುಮಕೂರಿನಂಥ ಊರಿನ ಗ್ರಾಮಸಭೆಯಲ್ಲಿ ಈ ನಿರ್ಣಯ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ, ಖರ್ಚೂ ಇಲ್ಲ. ಮುಂದಿನ ಗ್ರಾಮಸಭೆಯ ನೋಟಿಸು ಅಂಟಿದ ದಿನವೇ ಪಿಡಿಒ ಅವರಿಗೆ ವಿಷಯ ಬರೆದುಕೊಟ್ಟು, ನಡಾವಳಿ ಪುಸ್ತಕದಲ್ಲಿ ಸೇರಿಸಿ, ದೃಢೀಕೃತ ನಕಲು ಪಡೆದುಕೊಳ್ಳಬೇಕು. ಮತ್ತು ಆಯೋಗದ ಸಭೆಯನ್ನು ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ನಡೆಸದೆ ಯಾದಗಿರಿಯ ಜಿಲ್ಲಾಡಳಿತ ಭವನದಲ್ಲೇ ನಡೆಸಬೇಕೆಂದು ಅದೇ ನಿರ್ಣಯದಲ್ಲಿ ಬರೆಸಬೇಕು.